ಎತ್ತಿಲ್ಲದ ತೋಪು, ದಾರಿಯಿಲ್ಲದ ದಂಡು

ಒಂದು ದಂಡನ್ನು ಪೂರ್ತಿ ಸುತ್ತುವರಿಯಲು ಎಷ್ಟು ದಂಡು ಬೇಕು? ಷಟ್ಕೋನದ ನಕಾಶೆ ಹಾಸಿಕೊಂಡು ಯುದ್ಧದಾಟ ಆಡುವವರನ್ನು ಕೇಳಿ ನೋಡಿ. ಎರಡು ಸಾಕು ಎನ್ನುತ್ತಾರೆ.

ನಂಬಿಕೆ ಬರದಿದ್ದರೆ ಕಾಗದ ತೆಗೆದುಕೊಂಡು ಜೇನುಹುಟ್ಟಿನ ಕಣ್ಣುಗಳ ಹಾಗೆ ಒಂದಕ್ಕೊಂದು ಅಂಟಿದ ಏಳು ಷಟ್ಕೋನ ಬರೆಯಿರಿ. ನಡುವೆ ಒಂದು, ಅದರ ಸುತ್ತ ಆರು. ಸುತ್ತಿನ ಮನೆಗಳಿಗೆ ಒಂದರಿಂದ ಆರರವರೆಗೆ ವರಸೆಯಾಗಿ ನಂಬರು ಹಾಕಿ. ನಡುಮನೆಯಲ್ಲಿ ನಿಮ್ಮ ಬಿಲ್ಲೆ ಇಡಿ. ಶತ್ರುವಿನ ಬಿಲ್ಲೆಗಳನ್ನು ಒಂದು ಮತ್ತು ನಾಲ್ಕನೇ ಮನೆಗಳಲ್ಲಿ, ಎದುರುಬದುರಾಗಿ ಇಡಿ. ಈ ಆಟಗಳ ಬಹುಮುಖ್ಯ ನಿಯಮವೆಂದರೆ, ಒಂದು ಬಿಲ್ಲೆಯ ಹಿಡಿತ ಅದು ನಿಂತ ಮನೆಗೆ ಮುಗಿಯುವುದಿಲ್ಲ, ಪಕ್ಕದ ಆರೂ ಮನೆಗಳಿಗೆ ಚಾಚುತ್ತದೆ. ಆಟಗಾರರು ಇದನ್ನು ಚಿಕ್ಕದಾಗಿ ಝಾಕ್ ಎನ್ನುತ್ತಾರೆ. ನಾನು ಇಲ್ಲಿ ಹಿಡಿತ ಎಂದೇ ಬರೆಯುತ್ತೇನೆ. ಒಂದನೇ ಮನೆಯಲ್ಲಿರುವ ಶತ್ರುವಿನ ಹಿಡಿತ ಎರಡಕ್ಕೂ ಆರಕ್ಕೂ ತಲುಪುತ್ತದೆ. ನಾಲ್ಕನೇ ಮನೆಯವನ ಹಿಡಿತ ಮೂರಕ್ಕೂ ಐದಕ್ಕೂ ತಲುಪುತ್ತದೆ. ಆರು ಮನೆಯೂ ಮುಗಿಯಿತು. ಈಗ ಕಾಳಗ ನಡೆದು, ದಾಳ ಬಿದ್ದು, 'ಒಂದು ಮನೆ ಹಿಮ್ಮೆಟ್ಟು' ಎಂಬ ಫಲಿತಾಂಶ ಬಂದರೆ ನಿಮ್ಮ ಬಿಲ್ಲೆಗೆ ಹೋಗಲು ಜಾಗವೇ ಇಲ್ಲ. ಬಯಲಿನಲ್ಲಿ ಬರೀ ಹಿಂದೆ ಸರಿದು ಬದುಕುತ್ತಿದ್ದ ದಂಡು ಇಲ್ಲಿ ನಕಾಶೆಯಿಂದಲೇ ಎದ್ದುಹೋಗುತ್ತದೆ.

ಬಳೆ ದೊಡ್ಡದಾದರೂ ಲೆಕ್ಕ ಇದೇ. ನಡುವಿನಿಂದ ಎರಡು ಮನೆ ದೂರದ ಬಳೆಯಲ್ಲಿ ಹನ್ನೆರಡು ಮನೆಗಳಿರುತ್ತವೆ. ಎರಡೆರಡು ಮನೆ ಖಾಲಿ ಬಿಟ್ಟು ಒಂದೊಂದು ಬಿಲ್ಲೆ ಇಟ್ಟರೆ ನಾಲ್ಕರಲ್ಲಿ ಮುಗಿಯುತ್ತದೆ. ಮೂರು ಮನೆ ದೂರದ ಬಳೆಯಲ್ಲಿ ಹದಿನೆಂಟು. ಆರು ಬಿಲ್ಲೆ ಸಾಕು. ಕಡಿಮೆ ಜನ ಇಟ್ಟುಕೊಂಡು ದೊಡ್ಡ ದಂಡನ್ನು ಕಟ್ಟಿಹಾಕಬಹುದು ಎನ್ನುವುದು ಬೆರಳಿಗೆ ಗೊತ್ತಾಗುವುದು ಹೀಗೆ.

ಈ ಆಟಗಳು ಹುಟ್ಟಿದ್ದು ಅಮೆರಿಕದಲ್ಲಿ. ಚಾರ್ಲ್ಸ್ ರಾಬರ್ಟ್ಸ್ ಎಂಬಾತ 1954ರಲ್ಲಿ 'ಟ್ಯಾಕ್ಟಿಕ್ಸ್' ಎಂಬ ಆಟ ತಂದ. ಅದರಲ್ಲಿದ್ದದ್ದು ಚದುರಂಗದಂಥ ಚೌಕಗಳು. ಚೌಕದ ತೊಂದರೆ ಎಲ್ಲರಿಗೂ ಗೊತ್ತಿರುವುದೇ: ನೇರ ಹೋದರೆ ಒಂದು ಹೆಜ್ಜೆ, ಮೂಲೆಗೆ ಹೋದರೂ ಒಂದೇ ಹೆಜ್ಜೆ, ಆದರೆ ಮೂಲೆಯ ದೂರ ಸುಮಾರು 1.4 ಪಟ್ಟು. ಷಟ್ಕೋನದಲ್ಲಿ ಆರೂ ನೆರೆಮನೆಗಳು ಒಂದೇ ದೂರದಲ್ಲಿರುತ್ತವೆ. 1961ರಲ್ಲಿ ರಾಬರ್ಟ್ಸ್‌ನ ಆವಲಾನ್ ಹಿಲ್ ಕಂಪನಿ ತನ್ನ 'ಗೆಟಿಸ್‌ಬರ್ಗ್' ಆಟವನ್ನು ಷಟ್ಕೋನಕ್ಕೆ ಬದಲಾಯಿಸಿ ಮತ್ತೆ ಅಚ್ಚುಹಾಕಿತು. ಅಲ್ಲಿಂದ ಮುಂದೆ ಅದೇ ರೂಢಿಯಾಯಿತು.

ನಾನು ಯಲಹಂಕ ಹಳೇ ಟೌನಿನವನು. ಯಶವಂತಪುರ ಯಾರ್ಡಿನ ಹತ್ತಿರ ಒಂದು ಲಾರಿ ಬುಕಿಂಗ್ ಆಫೀಸಿನಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಅಕ್ಕಿ, ಬೇಳೆ, ಈರುಳ್ಳಿ ಯಾವ ಲಾರಿಗೆ ಎಷ್ಟು ಚೀಲ ಲೋಡಾಯಿತು, ಯಾವ ಊರಿಗೆ, ಬಿಲ್ಟಿ ಯಾರ ಹೆಸರಿಗೆ, ಬಾಡಿಗೆಯಲ್ಲಿ ಅಡ್ವಾನ್ಸ್ ಎಷ್ಟು ಹೋಯಿತು ಎಂಬುದೇ ದಿನವಿಡೀ. ಈ ಆಟ ನನಗೆ ಕಲಿಸಿದವನು ಆರ್.ಟಿ. ನಗರದಲ್ಲಿರುವ ನನ್ನ ಅಕ್ಕನ ಮಗ. ಅವನದು ಹೆಬ್ಬಾಳದ ಕಡೆ ಕಂಪ್ಯೂಟರ್ ಕೆಲಸ. ಅವನಿಗೆ ಇದರಲ್ಲಿ ಇಷ್ಟವಾದದ್ದು ಸುತ್ತುವರಿಯುವ ಚಾಣಾಕ್ಷತನ. ನನಗೆ ಮೊದಲ ದಿನವೇ ಹಿಡಿಸಿದ್ದು ಸಪ್ಲೈ ನಿಯಮ. ಯಾಕೆಂದರೆ ನಾನು ಅಲ್ಲಿಯವರೆಗೆ ಕಂಡ ಯಾವ ಯುದ್ಧದಾಟದಲ್ಲೂ ಸೈನಿಕನಿಗೆ ಹಸಿವೆಯೇ ಆಗುತ್ತಿರಲಿಲ್ಲ. ಚದುರಂಗದ ಆನೆ ಇಡೀ ಆಟ ಒಂದು ಹಿಡಿ ಮೇವು ಕೇಳುವುದಿಲ್ಲ. ನಮ್ಮ ಆಡು-ಹುಲಿ ಆಟವಂತೂ ಅಪ್ಪಟ ಸುತ್ತುವರಿಯುವ ಆಟ. ಹಳೆಯ ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಅದರ ಗೆರೆಗಳು ಇವತ್ತಿಗೂ ಸಿಗುತ್ತವೆ. ಮೂರು ಹುಲಿ, ಹದಿನೈದು ಆಡು. ಹುಲಿ ಅಲುಗಾಡದಂತೆ ಆಡುಗಳು ದಿಗ್ಬಂಧನ ಹಾಕಿದರೆ ಆಡುಗಳ ಗೆಲುವು. ಆದರೆ ಅಲ್ಲಿಯೂ ಹುಲಿ ಎಷ್ಟು ಹೊತ್ತು ಬೇಕಾದರೂ ಉಪವಾಸ ಇರಬಲ್ಲದು.

ಷಟ್ಕೋನದ ಆಟದಲ್ಲಿ ಹಾಗಿಲ್ಲ. ಪ್ರತಿ ಸರದಿಯಲ್ಲೂ ಪ್ರತಿ ಬಿಲ್ಲೆಯ ಮೇಲೆ ಬೆರಳಿಟ್ಟು, ಮನೆಯಿಂದ ಮನೆಗೆ ಜಾರಿಸಿಕೊಂಡು, ಅದರ ಉಗ್ರಾಣದವರೆಗೆ ದಾರಿ ತೋರಿಸಬೇಕು. ಉಗ್ರಾಣ ಎಂದರೆ ಒಂದು ಊರಿರಬಹುದು, ಬಂದರಿರಬಹುದು, ನಕಾಶೆಯ ಅಂಚಿರಬಹುದು. ಬೆರಳು ಹಾದುಹೋಗುವ ಯಾವ ಮನೆಯಲ್ಲೂ ಶತ್ರು ಇರಬಾರದು, ಶತ್ರುವಿನ ಹಿಡಿತವೂ ಇರಬಾರದು. ಸಾಮಾನ್ಯವಾಗಿ ಕಾಡುಮೇಡಿನಲ್ಲಿ ಇಷ್ಟೇ ಮನೆ ಎಂದು ಮಿತಿ ಇರುತ್ತದೆ. ರಸ್ತೆ ಅಥವಾ ರೈಲುಹಳಿ ಸಿಕ್ಕಿತೆಂದರೆ ಎಷ್ಟು ದೂರವಾದರೂ ಹೋಗಬಹುದು. ದಾರಿ ಸಿಗದ ಬಿಲ್ಲೆಯ ನಡೆ ಅರ್ಧ, ಹೊಡೆತ ಅರ್ಧ. ಕೆಲವು ಸರದಿ ಹಾಗೇ ಉಳಿದರೆ ಒಬ್ಬನೂ ಕತ್ತಿ ಬೀಸದೆ ಅದು ಹೋಗುತ್ತದೆ. ಬಹಳ ಆಟಗಳಲ್ಲಿ ಇನ್ನೊಂದು ಸಣ್ಣ ವಿನಾಯಿತಿ ಇದೆ: ಶತ್ರುವಿನ ಹಿಡಿತವಿರುವ ಮನೆಯಲ್ಲಿ ನಿಮ್ಮದೇ ಒಂದು ಬಿಲ್ಲೆ ಕೂತಿದ್ದರೆ ಆ ಮನೆ ದಾಟಿ ಸಪ್ಲೈ ಬರಬಹುದು. ಈ ವಿನಾಯಿತಿಯನ್ನು ನೆನಪಿಟ್ಟುಕೊಳ್ಳಿ, ಸಾವನದುರ್ಗದ ಹತ್ತಿರ ಬೇಕಾಗುತ್ತದೆ.

ಆಟ ಮಾಡುವವರು ಈ ಹಸಿವನ್ನು ಬೇರೆ ಬೇರೆ ರೀತಿಯಲ್ಲಿ ಅಳೆದಿದ್ದಾರೆ. 1964ರ 'ಆಫ್ರಿಕಾ ಕೋರ್' ಆಟದಲ್ಲಿ ಸಪ್ಲೈಗೇ ಪ್ರತ್ಯೇಕ ಬಿಲ್ಲೆಗಳು. ಜರ್ಮನರಿಗೆ ಸಮುದ್ರ ದಾಟಿ ಸಪ್ಲೈ ಬಂತೋ ಮುಳುಗಿತೋ ಎಂಬುದನ್ನು ದಾಳ ಹೇಳುತ್ತದೆ. 1979ರಲ್ಲಿ ಬಂದ 'ದಿ ಕ್ಯಾಂಪೇನ್ ಫಾರ್ ನಾರ್ತ್ ಆಫ್ರಿಕಾ' ಆಟದಲ್ಲಿ ಇಟಲಿಯ ಸೈನಿಕರಿಗೆ ಪಾಸ್ತಾ ಬೇಯಿಸಲು ಹೆಚ್ಚಿನ ನೀರು ಕೊಡಬೇಕೆಂಬ ನಿಯಮವೇ ಇದೆ. ಕಂಪ್ಯೂಟರಿನಲ್ಲಿ 2011ರಲ್ಲಿ ಬಂದ 'ಯೂನಿಟಿ ಆಫ್ ಕಮಾಂಡ್' ಪೂರ್ತಿ ಇದೇ ವಿಷಯ ಹಿಡಿದ ಆಟ: ರೈಲುಹಳಿ ಕತ್ತರಿಸಿ, ಕಾದು ನೋಡಿ. ಅದರ ಕಥೆ ಸ್ಟಾಲಿನ್‌ಗ್ರಾಡಿನದು. 1942ರ ನವೆಂಬರ್ 19ರಂದು ರಷ್ಯನ್ನರು ಊರಿನ ಒಂದು ಮಗ್ಗುಲಿನಿಂದ, ಮರುದಿನ ಇನ್ನೊಂದು ಮಗ್ಗುಲಿನಿಂದ ಹೊರಟರು; ನಾಲ್ಕೇ ದಿನದಲ್ಲಿ ಕಲಾಚ್ ಹತ್ತಿರ ಅವರ ಎರಡು ತೋಳು ಕೂಡಿದವು. ಒಳಗೆ ಸಿಕ್ಕಿದ ಜರ್ಮನ್ ಸೇನೆಗೆ ವಿಮಾನದಲ್ಲಿ ದಿನಕ್ಕೆ 300 ಟನ್ ತಲುಪಿಸಬೇಕೆಂಬ ಲೆಕ್ಕವಿತ್ತು. ಅದರ ಅರ್ಧವೂ ಸರಾಸರಿ ತಲುಪಲಿಲ್ಲ. 1943ರ ಫೆಬ್ರವರಿ 2ಕ್ಕೆ ಎಲ್ಲ ಮುಗಿಯಿತು.

ಆದರೆ ರಷ್ಯಾದವರೆಗೆ ಯಾಕೆ ಹೋಗಬೇಕು ಎನ್ನುವುದು ನನ್ನ ವಾದ. ಸುತ್ತುವರಿಯುವುದು ಅಂದರೆ ಏನು, ಸಪ್ಲೈ ಅಂದರೆ ಏನು ಎಂಬುದನ್ನು ಕಲಿಸಲು ನಮ್ಮ ಬೆಂಗಳೂರು–ಶ್ರೀರಂಗಪಟ್ಟಣದ ದಾರಿಗಿಂತ ಒಳ್ಳೆಯ ನಕಾಶೆ ನಾನು ನೋಡಿಲ್ಲ. 1791ರಲ್ಲಿ ಅಲ್ಲಿ ನಡೆದದ್ದನ್ನು ನಾವಿಬ್ಬರೂ ಕೂತು ಆಟವಾಗಿ ಕಟ್ಟುತ್ತಿದ್ದೇವೆ. ಆರ್.ಟಿ. ನಗರದ ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ಹಾಳೆಗಳಲ್ಲಿ ತೆಗೆಸಿ ಅಂಟಿಸಿದ ನಕಾಶೆ, ಸಿಹಿತಿಂಡಿಯ ಡಬ್ಬಿಯ ರಟ್ಟಿನ ಬಿಲ್ಲೆಗಳು. ಒಂದು ಮನೆಗೆ ಹತ್ತು ಕಿಲೋಮೀಟರು, ಒಂದು ಸರದಿಗೆ ಒಂದು ವಾರ. ಬೆಂಗಳೂರಿನಿಂದ ಶ್ರೀರಂಗಪಟ್ಟಣ ಹನ್ನೆರಡು ಮನೆಯಾಗುತ್ತದೆ. ಯಲಹಂಕ, ಹೆಬ್ಬಾಳ, ಮೇಖ್ರಿ ಸರ್ಕಲ್ ಹತ್ತಿರದ ಕೆಂಪೇಗೌಡರ ಗೋಪುರ ಇವೆಲ್ಲ ಎರಡೇ ಮನೆಯಲ್ಲಿ ಅಡಗಿಹೋಗುತ್ತವೆ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಮೂರನೇ ಮೈಸೂರು ಯುದ್ಧದಲ್ಲಿ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ಈಸ್ಟ್ ಇಂಡಿಯಾ ಕಂಪನಿಯ ದಂಡು ತೆಗೆದುಕೊಂಡು 1791ರ ಮಾರ್ಚ್ 5ಕ್ಕೆ ಬೆಂಗಳೂರಿಗೆ ಬಂದ. 7ರಂದು ಪೇಟೆ ಬಿತ್ತು, 21ರ ರಾತ್ರಿ ಕೋಟೆ ಬಿತ್ತು. ಕಿಲ್ಲೇದಾರ ಬಹಾದುರ್ ಖಾನ್ ಹೋರಾಡುತ್ತಲೇ ಸತ್ತ. ಈ ಮುತ್ತಿಗೆಯಲ್ಲಿ ಬಳೆಯೇ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಕೋಟೆಯನ್ನು ಪೂರ್ತಿ ಸುತ್ತಲು ಕಂಪನಿಗೆ ಜನ ಸಾಲುತ್ತಿರಲಿಲ್ಲ. ಹೊರಗೆ ಟಿಪ್ಪುವಿನ ಸೈನ್ಯ ಹತ್ತಿರದಲ್ಲೇ ಇತ್ತು, ಕೋಟೆಯೊಳಗೆ ಹೊಸ ಜನ ಹೋಗಲು ದಾರಿ ತೆರೆದೇ ಇತ್ತು. ಮುತ್ತಿದವರ ಸುತ್ತಲೇ ಮುತ್ತಿಗೆ ಎನ್ನುವ ಸ್ಥಿತಿ. ತೋಪು ಗೋಡೆ ಒಡೆದದ್ದರಿಂದ ಕೋಟೆ ಬಿತ್ತೇ ಹೊರತು ಹಸಿವೆಯಿಂದಲ್ಲ.

ಮಾರ್ಚ್ ಕೊನೆಗೆ ಕಾರ್ನ್‌ವಾಲಿಸ್ ನಮ್ಮ ಉತ್ತರದ ಕಡೆಗೆ, ದೇವನಹಳ್ಳಿ, ಚಿಕ್ಕಬಳ್ಳಾಪುರದ ದಿಕ್ಕಿಗೆ ತಿರುಗಿದ. ಕಂಪನಿಯ ಮಿತ್ರನಾದ ನಿಜಾಮನ ಕುದುರೆಪಡೆ ಬರುವುದಿತ್ತು, ಹತ್ತು ಸಾವಿರದಷ್ಟು ಸವಾರರು. ಅವರನ್ನು ಕೂಡಿಕೊಂಡು ಏಪ್ರಿಲ್ ಕೊನೆಗೆ ಮರಳಿ ಬೆಂಗಳೂರು. ಕಾಗದದ ಮೇಲೆ ಬಲ ಹೆಚ್ಚಿತು. ನಮ್ಮ ಆಟದಲ್ಲಿ ಆ ಬಿಲ್ಲೆ ಬಂದ ತಕ್ಷಣ ಮೇವಿನ ಲೆಕ್ಕವೂ ಏರುತ್ತದೆ. ಹತ್ತು ಸಾವಿರ ಕುದುರೆ ತಿನ್ನುವುದನ್ನು ಯಾರಾದರೂ ತರಬೇಕಲ್ಲ.

ಮೇ ಮೊದಲ ವಾರ ಅವನು ಶ್ರೀರಂಗಪಟ್ಟಣಕ್ಕೆ ಹೊರಟ. ಚನ್ನಪಟ್ಟಣದ ನೇರ ದಾರಿಯಲ್ಲಿ ಟಿಪ್ಪು ಹುಲ್ಲುಕಡ್ಡಿ ಉಳಿಯದಂತೆ ಮಾಡಿದ್ದರಿಂದ ಕನಕಪುರದ ಕಡೆಯ ಕಷ್ಟದ ದಾರಿ ಹಿಡಿದ. ಅಲ್ಲೂ ದಂಡಿನ ಮುಂದೆ ಮುಂದೆ ಊರುಗಳು ಖಾಲಿ, ಮೇವು ಸುಟ್ಟು ಬೂದಿ. ಮೇ 13ಕ್ಕೆ ಶ್ರೀರಂಗಪಟ್ಟಣದ ಹತ್ತಿರದ ಅರಕೆರೆ ತಲುಪಿದ, 15ರಂದು ಕಾಳಗ ಗೆದ್ದ. ಗೆದ್ದ ಮೇಲೂ ಕೆಲಸ ಆಗಲಿಲ್ಲ. ಕಾವೇರಿಯಲ್ಲಿ ನೀರು ಏರಿತ್ತು, ಮಲೆಯಾಳದ ಕಡೆಯಿಂದ ಕೊಡಗಿನ ಮೇಲೆ ಬಂದಿದ್ದ ಕಂಪನಿಯ ಇನ್ನೊಬ್ಬ ಸೇನಾಪತಿ ಅಬರ್‌ಕ್ರೊಂಬಿಯ ದಂಡು ಪಿರಿಯಾಪಟ್ಟಣದಲ್ಲಿ ನಿಂತಿತ್ತು, ಎತ್ತುಗಳು ಸಾಲುಸಾಲಾಗಿ ಸಾಯುತ್ತಿದ್ದವು. ನದಿ ದಾಟುವ ಜಾಗ ಹುಡುಕಿ ಕನ್ನಂಬಾಡಿಯ ಕಡೆ, ಇವತ್ತು ಕೆ.ಆರ್.ಎಸ್. ಇರುವಲ್ಲಿಗೆ, ಹೋಗುವಾಗ ಕೋಟೆ ಒಡೆಯುವ ದೊಡ್ಡ ತೋಪುಗಳನ್ನು ಸಿಪಾಯಿಗಳೇ ಹಗ್ಗ ಕಟ್ಟಿ ಎಳೆದರು. ಮೇ 22ರಂದು ಆ ತೋಪುಗಳನ್ನು ತಾವೇ ಒಡೆದುಹಾಕಿದರು. 26ರಂದು ದಂಡು ಬೆಂಗಳೂರಿನ ಕಡೆ ತಿರುಗಿತು.

ಇದನ್ನು ಆಟದ ನಿಯಮಕ್ಕೆ ತರುವಾಗ ನಮ್ಮಿಬ್ಬರಿಗೂ ಜೋರು ಚರ್ಚೆ ಆಯಿತು. ಮೈಸೂರಿನ ಹಗುರ ಕುದುರೆಪಡೆಗೆ ಆರು ಮನೆಯ ಪೂರ್ತಿ ಹಿಡಿತ ಕೊಟ್ಟರೆ ಅದು ಕಾರ್ನ್‌ವಾಲಿಸನ ನಡೆಯನ್ನೇ ತಡೆಯುತ್ತದೆ. ಚರಿತ್ರೆಯಲ್ಲಿ ಅವು ಹಾಗೆ ತಡೆಯಲಿಲ್ಲ; ಬಂದೂಕಿನ ಸಾಲು ಮುಂದೆ ಬಂದರೆ ಸವಾರರು ಸರಿದು ದಾರಿ ಬಿಡುತ್ತಿದ್ದರು. ಹಿಡಿತವೇ ಬೇಡ ಎಂದರೆ ಬೆಂಗಳೂರಿನಿಂದ ಅಕ್ಕಿ ಸರಾಗವಾಗಿ ಹೋಗಿಬಿಡುತ್ತದೆ, ಅದೂ ಸುಳ್ಳು.

"ಮಾವ, ಒಂದೋ ಹಿಡಿತ ಇರಬೇಕು, ಇಲ್ಲ ಇರಬಾರದು. ನೀವು ಎರಡೂ ಕೇಳ್ತಿದ್ದೀರ" ಅಂದ ಹುಡುಗ.

"ಎರಡೂ ನಿಜ ಕಣೋ. ಬಂದೂಕು ಹಿಡಿದವನು ದಾಟುತ್ತಾನೆ, ಅಕ್ಕಿ ಹೊತ್ತ ಎತ್ತು ದಾಟಲ್ಲ" ಅಂದೆ.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಅಚ್ಚಾದ ಹೆಚ್ಚಿನ ಆಟಗಳಲ್ಲಿ ಹಿಡಿತ ಒಂದೇ. ಸೈನಿಕನನ್ನು ನಿಲ್ಲಿಸುವುದೂ ಅದೇ, ರೊಟ್ಟಿಯನ್ನು ನಿಲ್ಲಿಸುವುದೂ ಅದೇ. ಟ್ಯಾಂಕುಗಳ ಕಾಲಕ್ಕೆ ಅದು ಒಪ್ಪುತ್ತದೆ, 1791ರ ಮೈಸೂರಿಗೆ ಒಪ್ಪುವುದಿಲ್ಲ. ಹಾಗಾಗಿ ನಾವು ಕುದುರೆಪಡೆಗೆ ಬರೀ ಸಪ್ಲೈ ಹಿಡಿತ ಕೊಟ್ಟೆವು. ಅದರ ಪಕ್ಕದ ಮನೆಗಳಲ್ಲಿ ಕಂಪನಿಯ ದಂಡು ಬೇಕಾದಂತೆ ನಡೆಯಬಹುದು. ಸಪ್ಲೈಯ ಬೆರಳು ಮಾತ್ರ ಅಲ್ಲಿ ನಿಲ್ಲುತ್ತದೆ.

ಈ ಒಂದು ಬದಲಾವಣೆ ಮಾಡಿ ಆಡಿದಾಗ ಮೇಜಿನ ಮೇಲೆ ಆದದ್ದನ್ನು ಹೇಳಬೇಕು. ಹುಡುಗ ಕಾರ್ನ್‌ವಾಲಿಸ್, ನಾನು ಮೈಸೂರು. ಅವನ ಹತ್ತಿರ ದೊಡ್ಡ ತೋಪು ಮೂರು, ಎತ್ತಿನ ಅಂಕ ಆರು. ಒಂದೊಂದು ದೊಡ್ಡ ತೋಪು ಎಳೆಯಲು ಎರಡು ಅಂಕ ಇರಲೇಬೇಕು. ದಾರಿ ಕಡಿದ ಪ್ರತಿ ವಾರ ಒಂದು ಅಂಕ ಖಂಡಿತ ಇಳಿಯುತ್ತದೆ, ದಾಳದಲ್ಲಿ ಐದೋ ಆರೋ ಬಿದ್ದರೆ ಎರಡು. ಅವನು ಅರಕೆರೆ ಮುಟ್ಟಿದ. ನಾನು ಒಂದು ಕುದುರೆ ಬಿಲ್ಲೆಯನ್ನು ಕನಕಪುರದ ದಾರಿಯ ಪಕ್ಕಕ್ಕೆ, ಇನ್ನೊಂದನ್ನು ಮದ್ದೂರಿನ ಹತ್ತಿರ ಇಟ್ಟೆ. ಅವನು ಬೆರಳಿಟ್ಟು ಹೊರಟ. ಮಳವಳ್ಳಿಯ ಆಚೆ ನಿಂತ. ಬೇರೆ ದಾರಿ ಹುಡುಕಿದ, ಮಂಡ್ಯದ ಈಚೆ ನಿಂತ. ದಾಳ ಹಾಕಿದ, ಐದು. ಮುಂದಿನ ವಾರ ಕಾಳಗ ಗೆದ್ದ, ನನ್ನ ಬಿಲ್ಲೆ ಎರಡು ಮನೆ ಹಿಂದೆ ಸರಿಯಿತು, ಅವನ ಎತ್ತಿನ ಅಂಕ ಮತ್ತೊಂದು ಇಳಿಯಿತು. ಮೂರು ಅಂಕಕ್ಕೆ ಮೂರು ತೋಪು ಎಳೆಯಲಾಗುವುದಿಲ್ಲ. ಬಿಟ್ಟುಹೋದರೆ ಅವು ನನ್ನ ಪಾಲು. ಅವನೇ ಎರಡು ತೋಪಿನ ಬಿಲ್ಲೆ ಎತ್ತಿ ಡಬ್ಬಿಗೆ ಹಾಕಿದ. ತೋಪು ಒಡೆಯಬೇಕು ಎಂಬ ನಿಯಮವನ್ನು ನಾವು ಎಲ್ಲೂ ಬರೆದಿರಲಿಲ್ಲ. ಎತ್ತಿನ ಲೆಕ್ಕ ಸರಿಯಾಗಿಟ್ಟರೆ ಕಾರ್ನ್‌ವಾಲಿಸ್ ಮಾಡಿದ್ದನ್ನೇ ಆಟಗಾರನೂ ಮಾಡುತ್ತಾನೆ.

ಎತ್ತಿನ ಲೆಕ್ಕ ನನಗೆ ದಿನನಿತ್ಯದ್ದು. ಹತ್ತು ಚಕ್ರದ ಒಂದು ಲಾರಿಗೆ ಐವತ್ತು ಕಿಲೋದ 320 ಚೀಲ ಹಾಕಿದರೆ ಹದಿನಾರು ಟನ್. ಒಂದು ಹೇರೆತ್ತು ಒಂದೂವರೆ ಚೀಲ ಹೊರುತ್ತದೆ ಎಂದಿಟ್ಟುಕೊಳ್ಳಿ. ಆ ಲಾರಿಯ ಬದಲಿಗೆ ಇನ್ನೂರಕ್ಕೂ ಹೆಚ್ಚು ಎತ್ತು ಬೇಕು. ತಲೆಗೆ ದಿನಕ್ಕೆ ಒಂದು ಕಿಲೋ ಧಾನ್ಯವೆಂದರೆ ಆ ಲೋಡು ಹದಿನಾರು ಸಾವಿರ ಜನಕ್ಕೆ ಒಂದು ದಿನಕ್ಕೆ ಸರಿ. ಆ ಕಾಲದ ದಂಡಿನಲ್ಲಿ ಕಾದಾಡುವವರಿಗಿಂತ ಹಲವು ಪಟ್ಟು ಹಿಂಬಾಲಕರು. ಮೇಲೆ ಎತ್ತೂ ತಿನ್ನುತ್ತದೆ. ದಾರಿಬದಿಯಲ್ಲಿ ಹುಲ್ಲಿಲ್ಲದಿದ್ದರೆ ತನ್ನ ಮೇವನ್ನೂ ತಾನೇ ಹೊರಬೇಕು. ಮೈಸೂರಿನವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಒಡೆಯರ ಕಾಲದ ಬೆಣ್ಣೆ ಚಾವಡಿಯ ರಾಸುಗಳನ್ನು ಹೈದರ್ ಹೆಚ್ಚಿಸಿದ, ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟು ಒಂದು ಇಲಾಖೆಯಾಗಿಯೇ ನಡೆಸಿದ. ದಂಡಿನ ವೇಗ ಎಂದರೆ ಎತ್ತಿನ ವೇಗ ಎಂದು ತಿಳಿದವರು ಅವರು.

ಎತ್ತಿನಷ್ಟೇ ದಾರಿಯೂ ಮುಖ್ಯ. 2018ರ ಆಗಸ್ಟಿನಲ್ಲಿ ಮಣ್ಣು ಕುಸಿದು ಶಿರಾಡಿ, ಸಂಪಾಜೆ ಎರಡೂ ಘಾಟಿ ಮುಚ್ಚಿದ್ದವಲ್ಲ, ಆಗ ನಮ್ಮ ಆಫೀಸಿನಲ್ಲಿ ಮಂಗಳೂರು ಲೋಡಿನ ಮಾತೆತ್ತಿದರೆ ಡ್ರೈವರುಗಳು ಮೊದಲು ಕೇಳುತ್ತಿದ್ದದ್ದು ಬಾಡಿಗೆಯನ್ನಲ್ಲ, ಯಾವ ದಾರಿ ಎಂದು.

ಮೇ 26ಕ್ಕೆ ಮರಳೋಣ, ಯಾಕೆಂದರೆ ಆ ದಿನದ ಘಟನೆ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. ತೋಪು ಒಡೆದು, ಹಸಿದ ದಂಡು ಹಿಂದಿರುಗಲು ಮೊದಲ ದಿನದ ಹೆಜ್ಜೆ ಹಾಕುತ್ತಿದ್ದಾಗ ಎದುರಿಗೆ ಕುದುರೆ ಸವಾರರು ಕಾಣಿಸಿದರು. ಶತ್ರು ಎಂದುಕೊಂಡರೆ ಅವರು ಕಂಪನಿಯ ಮಿತ್ರರಾದ ಮರಾಠರು. ಹರಿಪಂತ ಫಡ್ಕೆ, ಪರಶುರಾಮ ಭಾವೂ ಇಬ್ಬರ ಸೈನ್ಯ ಮೇಲುಕೋಟೆಯ ಕಡೆ ಬಂದಿತ್ತು. ಅವರ ಜೊತೆ ಧಾನ್ಯ ತುಂಬಿದ ಇಡೀ ಬಜಾರೇ ಇತ್ತು. ಅಷ್ಟು ಹತ್ತಿರ ಬಂದ ಮಿತ್ರಸೈನ್ಯದ ಸುದ್ದಿ ಕಾರ್ನ್‌ವಾಲಿಸನಿಗೆ ಸಿಕ್ಕಿರಲಿಲ್ಲ. ಮೈಸೂರಿನ ಸವಾರರು ಎರಡು ಸೈನ್ಯಗಳ ನಡುವಿನ ಹರಕಾರರನ್ನೆಲ್ಲ ಹಿಡಿದಿದ್ದರು. ಸುತ್ತುವರಿಯುವುದು ಎಂದರೆ ಅಕ್ಕಿಯ ದಾರಿ ಮುಚ್ಚುವುದಷ್ಟೇ ಅಲ್ಲ, ಮಾತಿನ ದಾರಿಯನ್ನೂ ಮುಚ್ಚುವುದು. ನಾಲ್ಕು ದಿನ ಮೊದಲು ಆ ಸುದ್ದಿ ಮುಟ್ಟಿದ್ದರೆ ತೋಪುಗಳು ಉಳಿಯುತ್ತಿದ್ದವು. ನಮ್ಮ ಆಟದಲ್ಲಿ ಮರಾಠರ ಬಿಲ್ಲೆ ಬೋರಲಾಗಿ ಬರುತ್ತದೆ. ಅದರಿಂದ ಕಾರ್ನ್‌ವಾಲಿಸ್ ಇರುವ ಮನೆಯವರೆಗೆ ಮೈಸೂರಿನ ಹಿಡಿತವಿಲ್ಲದ ದಾರಿ ಇದ್ದರೆ ಮಾತ್ರ ಅಂಗಾತ ಮಾಡಿ ತೋರಿಸಬೇಕು. ನಾವು ಬರೆದ ನಿಯಮಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಇದು.

ಜುಲೈ ಹೊತ್ತಿಗೆ ಕಾರ್ನ್‌ವಾಲಿಸ್ ಬೆಂಗಳೂರಿಗೆ ಮರಳಿದ. ಆಮೇಲೆ ಅವನು ಮಾಡಿದ್ದು ಸುಮ್ಮನೆ ಇನ್ನಷ್ಟು ಸೈನಿಕರನ್ನು ಕೂಡಿಸುವುದಲ್ಲ, ದಾರಿ ಕಟ್ಟುವುದು. ಹೊಸೂರು ಹಿಡಿದ, ಕೆಳಗಿನ ಸೀಮೆಯಿಂದ ಬರುವ ಘಾಟಿನ ದಾರಿ ತೆರೆಯಿತು. ಅಕ್ಟೋಬರ್ 19ರಂದು ನಂದಿದುರ್ಗ ಹಿಡಿಸಿದ. ನಮ್ಮ ಯಲಹಂಕದ ಹುಡುಗರು ಭಾನುವಾರ ಬೆಳಗಾಗುವ ಮುಂಚೆ ಬೈಕು ಹತ್ತಿ ಹೋಗುವ ಅದೇ ನಂದಿ ಬೆಟ್ಟ. ಅಂದು ಅಲ್ಲಿ ಮೈಸೂರಿನ ಪಡೆ ಕೂತಿರುವ ತನಕ ನಿಜಾಮನ ಸೀಮೆಯಿಂದ ಬೆಂಗಳೂರಿಗೆ ಬರುವ ಹೇರಿಗೆ ಭದ್ರತೆ ಇರಲಿಲ್ಲ. ಡಿಸೆಂಬರ್ 21ಕ್ಕೆ ಯಾರಿಂದಲೂ ಆಗದು ಎನ್ನುತ್ತಿದ್ದ ಸಾವನದುರ್ಗ, ಅದರ ಬೆನ್ನಿಗೇ ಹುತ್ರಿದುರ್ಗ. ಮೊದಲು ಹೇಳಿದ ವಿನಾಯಿತಿ ಇಲ್ಲಿ ಬಂತು. ಹಿಡಿದ ಪ್ರತಿ ದುರ್ಗದಲ್ಲಿ ಒಂದು ಸಣ್ಣ ಪಡೆ ಕೂತರೆ ಆ ಮನೆಯ ಮೇಲೆ ಮೈಸೂರಿನ ಕುದುರೆಗಳ ಹಿಡಿತ ನಡೆಯುವುದಿಲ್ಲ. ದುರ್ಗದಿಂದ ದುರ್ಗಕ್ಕೆ ಬೆರಳು ಸರಿಯುತ್ತದೆ. ಮೇ ತಿಂಗಳಲ್ಲಿ ಹನ್ನೆರಡು ಮನೆ ಬಯಲಾಗಿದ್ದ ದಾರಿ ಜನವರಿಗೆ ಹಗ್ಗ ಕಟ್ಟಿದಂತಾಯಿತು. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಹೊರಪಾಳೆಯಕ್ಕೆ ನುಗ್ಗಿದರು, ಕೆಲವು ದಿನಕ್ಕೆ ಅಬರ್‌ಕ್ರೊಂಬಿಯೂ ಬಂದು ಕೂಡಿದ. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನು ಒತ್ತೆ ಕೊಟ್ಟು ಟಿಪ್ಪು ಸಂಧಿ ಮಾಡಿಕೊಳ್ಳಬೇಕಾಯಿತು.

ಎರಡನೇ ಸಲದ ದಂಡಯಾತ್ರೆಯನ್ನು ಉಳಿಸಿದವರಲ್ಲಿ ಲಂಬಾಣಿಗಳು ದೊಡ್ಡವರು. ಸಾವಿರಾರು ಹೇರೆತ್ತುಗಳ ತಾಂಡಾಗಳಲ್ಲಿ ಧಾನ್ಯ ತಂದು ದಂಡಿನ ಬಜಾರಿನಲ್ಲಿ ಮಾರುತ್ತಿದ್ದ ಇವರು ಮೊಗಲರ ಸೈನ್ಯಕ್ಕೂ ಮರಾಠರ ಸೈನ್ಯಕ್ಕೂ ಹೇರು ಹೊಡೆದವರೇ. ಯುದ್ಧದ ಪುಸ್ತಕಗಳಲ್ಲಿ ಇವರಿಗೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು, ಆಟಗಳಲ್ಲಿ ಅದೂ ಇಲ್ಲ. ನಮ್ಮ ನಕಾಶೆಯ ಮೇಲೆ ಅವರಿಗೆ ಐದು ಬಿಲ್ಲೆ ಇಟ್ಟಿದ್ದೇವೆ. ಕಂಪನಿಯ ಕೆಂಪೂ ಅಲ್ಲ, ಮೈಸೂರಿನ ಹಸಿರೂ ಅಲ್ಲ, ಹಳದಿ ಬಣ್ಣ. ಪ್ರತಿ ಸರದಿಯ ಶುರುವಿನಲ್ಲಿ ಇಬ್ಬರೂ ಖಜಾನೆಯ ಅಂಕ ಎಷ್ಟು ಕೊಡುತ್ತೇವೆಂದು ಚೀಟಿಯಲ್ಲಿ ಬರೆದು ಬೋರಲಿಡಬೇಕು. ಹೆಚ್ಚು ಬರೆದವನ ಕಡೆಗೆ ತಾಂಡಾ ಆ ವಾರ ಧಾನ್ಯ ಹೇರುತ್ತದೆ. ತಾಂಡಾವನ್ನು ಲೂಟಿ ಮಾಡಿದವನಿಗೆ ಆ ವಾರದ ಧಾನ್ಯ ಪುಕ್ಕಟೆ ಸಿಗುತ್ತದೆ, ಆಮೇಲೆ ಆಟ ಮುಗಿಯುವ ತನಕ ಐದರಲ್ಲಿ ಯಾವ ತಾಂಡಾವೂ ಅವನ ಚೀಟಿ ತೆರೆದು ನೋಡುವುದಿಲ್ಲ. ಎಷ್ಟು ವಾರದ ನಂತರ ಅವರ ಮನಸ್ಸು ತಿರುಗಬಹುದು ಎಂದು ಹುಡುಗ ಕೇಳುತ್ತಲೇ ಇದ್ದಾನೆ. ಬಾಡಿಗೆ ಕೊಡದ ಪಾರ್ಟಿಗೆ ಮತ್ತೆ ಲಾರಿ ಕೊಡುವ ಮಾಲೀಕರನ್ನು ನಾನು ಯಾರ್ಡಿನಲ್ಲಿ ಕಂಡಿಲ್ಲ. ಆ ನಿಯಮವನ್ನು ಹಾಗೇ ಬಿಟ್ಟಿದ್ದೇನೆ.